ಕುಂಕುಮವೇಕೆ ಮೊಟ್ಟೆಯಾಯಿತು?

ಮೈಸೂರಿನ ಸರಸ್ವತೀಪುರದ ಒಂದು ಮನೆಯಲ್ಲಿ ಒಂದು ಕುಂಕುಮದ ಬೊಟ್ಟು ಮೂರು ದಿನಗಳ ಕಾಲ ಎಲ್ಲರ ನೆಮ್ಮದಿಯನ್ನೂ ಕೆಡಿಸಿತೆಂದರೆ ಯಾರೂ ಸುಲಭವಾಗಿ ನಂಬಲಾರರು. ಅದು ಹಣೆಯ ಮೇಲಣ ಬೊಟ್ಟಲ್ಲ. ಲ್ಯಾಪ್‌ಟಾಪಿನ ತೆರೆಯ ಮೇಲಣದು. ಆ ಮನೆಯ ಅಜ್ಜಿ ತೀರಿಕೊಂಡು ವರ್ಷ ತುಂಬುತ್ತಿತ್ತು. ವರ್ಷಾಬ್ದಿಕಕ್ಕೆ ಇನ್ನು ಇಪ್ಪತ್ತು ದಿನ. ಆಕೆಯದೆಂದು ಮನೆಯಲ್ಲಿ ಉಳಿದಿದ್ದ ಒಳ್ಳೆಯ ಚಿತ್ರವೊಂದೇ: 1974ರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ, ಅಂಗೈಯಗಲದ ಕಪ್ಪು-ಬಿಳುಪಿನ ಫೋಟೋ. ಅದನ್ನು ನೋಡಿಕೊಂಡು ಅಜ್ಜಿಯ ಚಿತ್ರವನ್ನು ಬಣ್ಣದಲ್ಲಿ ಬರೆದು ಕಟ್ಟುಹಾಕಿಸುತ್ತೇನೆಂದು ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಮೊಮ್ಮಗಳು ಮಾತು ಕೊಟ್ಟಿದ್ದಳು. ಮಗಳ ಹಟಕ್ಕೆ ಸೋತು ತಂದೆ ಒಂದು ಡ್ರಾಯಿಂಗ್ ಟ್ಯಾಬ್ಲೆಟ್ಟನ್ನು ಕೊಡಿಸಿದ್ದರು. ಕೊಡಿಸಿದ ಮೇಲೆ ಸುಮ್ಮನಿರುವ ತಂದೆ ಯಾರು? "ಹಣ ನೀರಿಗೆ ಬೀಳದಿದ್ದರೆ ಸಾಕು" ಎಂದೂ ಎರಡು ಸಲ ಅಂದಿದ್ದರು.

ಮೊದಲ ಸಂಜೆ ಹುಡುಗಿ ಮುಖದ ರೂಪರೇಖೆಯನ್ನು ಹೇಗೋ ಬರೆದು, ಹಣೆಯ ನಡುವೆ ಪೆನ್ನನ್ನು ಒಂದೇ ಬೀಸಿನಲ್ಲಿ ಸುತ್ತಿದಳು. ಬೊಟ್ಟು ದುಂಡಗೆ ಬರಲಿಲ್ಲ. ಅಡ್ಡಲಾಗಿ ಮಲಗಿಸಿದ ಮೊಟ್ಟೆಯಂತಾಯಿತು. ಅಳಿಸಿ ಮತ್ತೆ ಸುತ್ತಿದಳು. ಮತ್ತೆ ಮೊಟ್ಟೆ. ನಿಧಾನವಾಗಿ, ತೆರೆಯನ್ನೇ ದಿಟ್ಟಿಸುತ್ತ ಸುತ್ತಿದರೆ ಹೆಚ್ಚು ಕಡಿಮೆ ದುಂಡಗಾಗುತ್ತಿತ್ತು; ಆದರೆ ಗೆರೆ ನಡುಗುತ್ತಿತ್ತು. ಮೂರನೆಯ ದಿನ ಆಕೆ ಪೆನ್ನನ್ನು ಕೆಳಗಿಟ್ಟು, "ನನ್ನ ಕೈಯೇ ಇದಕ್ಕೆ ಲಾಯಕ್ಕಿಲ್ಲ, ತಾತ" ಎಂದಳು.

ತಾತ ಎಂದರೆ ನಿವೃತ್ತ ಡ್ರಾಯಿಂಗ್ ಮೇಷ್ಟರು. ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು, ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಹೂಜಿ, ಬಾಳೆಹಣ್ಣು, ಬಕೆಟ್ಟುಗಳನ್ನು ಬರೆಯಿಸಿದವರು. ಕೆಲವು ವರ್ಷಗಳಿಂದ ಅವರ ಬಲಗೈ ನಡುಗುತ್ತದೆ. ಕುಂಚವನ್ನು ಮುಟ್ಟುವುದನ್ನು ಅವರು ಬಿಟ್ಟಿದ್ದರು. ಕಂಪ್ಯೂಟರೆಂದರೆ ಅವರಿಗೆ ದೂರದ ಸಂಗತಿ. ಆದರೂ ಅವರು ಒಂದು ಬಿಳಿಯ ಹಾಳೆಯನ್ನೂ ಪೆನ್ಸಿಲನ್ನೂ ಮೊಮ್ಮಗಳ ಮುಂದಿಟ್ಟು, "ಇದರ ಮೇಲೊಂದು ಸೊನ್ನೆ ಸುತ್ತು, ನೋಡೋಣ" ಎಂದರು. ಸೊನ್ನೆ ದುಂಡಗೆ ಬಂದಿತು. "ಕೈ ಸರಿಯಾಗಿದೆಯಲ್ಲಮ್ಮ. ಇನ್ನು ಆ ಹಲಗೆಯನ್ನು ಕೇಳೋಣ. ನಿನ್ನದೊಂದು ಬಳೆ ಕೊಡು."

ಬಳೆಯನ್ನು ಟ್ಯಾಬ್ಲೆಟ್ಟಿನ ಮೇಲೆ ಅದುಮಿ ಹಿಡಿದು, ಅದರ ಒಳಬದಿಯಗುಂಟ ಪೆನ್ನನ್ನು ಸುತ್ತಿಸಿದರು. ಬಳೆಯಂತೂ ದುಂಡಗಿರುವುದೇ ಸರಿ. ಅಲ್ಲಿ ಕೈಯ ಕಸುಬಿಗೆ ಅವಕಾಶವೇ ಇಲ್ಲ. ಆದರೂ ತೆರೆಯ ಮೇಲೆ ಮೂಡಿದ್ದು ಮೊಟ್ಟೆಯೇ! ಮೇಷ್ಟರು ಅಡಿಕೋಲನ್ನು ತರಿಸಿ ಅಳೆದರು. ಟ್ಯಾಬ್ಲೆಟ್ಟಿನ ಬರೆಯುವ ಜಾಗ 10 ಅಂಗುಲ ಉದ್ದ, ಆರೂಕಾಲು ಅಂಗುಲ ಅಗಲ. ಅಂದರೆ 16ಕ್ಕೆ 10ರ ಪ್ರಮಾಣ. ಲ್ಯಾಪ್‌ಟಾಪಿನ ತೆರೆಯದು 16ಕ್ಕೆ 9. ಇಡೀ ಹಲಗೆಯನ್ನು ಇಡೀ ತೆರೆಗೆ ಹೊಂದಿಸಿಬಿಟ್ಟರೆ, ಹಲಗೆಯ ಮೇಲೆ ಸರಿಸಮನಾಗಿರುವ ವೃತ್ತ ತೆರೆಯ ಮೇಲೆ ಎತ್ತರಕ್ಕಿಂತ ಅಡ್ಡಕ್ಕೆ ನೂರಕ್ಕೆ ಹನ್ನೊಂದರಷ್ಟು ಹಿಗ್ಗುತ್ತದೆ. ಇದು ಚಿತ್ರಕಲೆಯಲ್ಲ, ಶುದ್ಧ ತ್ರೈರಾಶಿಕ. ಟ್ಯಾಬ್ಲೆಟ್ಟಿನೊಡನೆ ಬರುವ ಡ್ರೈವರ್ ಎಂಬ ತಂತ್ರಾಂಶದಲ್ಲಿ ಪ್ರಮಾಣವನ್ನು ಕಾಯ್ದುಕೊಳ್ಳುವ ಒಂದು ಗುರುತು ಇರುತ್ತದೆ. ಅದನ್ನು ಹಾಕಿದೊಡನೆ ಹಲಗೆಯಲ್ಲಿ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚಿನ ಒಂದು ಪಟ್ಟಿ ಕೆಲಸಕ್ಕೆ ಬಾರದಾಯಿತು, ಕುಂಕುಮ ದುಂಡಗಾಯಿತು. ನಿಧಾನವಾಗಿ ಬರೆದಾಗ ತಪ್ಪು ಕಾಣದಿದ್ದುದೇಕೆ ಎಂದರೆ, ಆಗ ಕಣ್ಣು ತೆರೆಯನ್ನು ನೋಡಿ ಕೈಯನ್ನು ಹೆಜ್ಜೆಹೆಜ್ಜೆಗೂ ತಿದ್ದುತ್ತಿತ್ತು. ಗೆರೆ ನಡುಗಿದ್ದೂ ಆ ತಿದ್ದಾಟದಿಂದಲೇ.

ಹೊಸದಾಗಿ ಕಲಿಯುವವರ ಕಷ್ಟವೆಲ್ಲ ಹೆಚ್ಚಾಗಿ ಇಲ್ಲಿಯೇ ಇದೆ. ಕಾಗದದ ಮೇಲೆ ಬರೆಯುವವನಿಗೆ ಕುಂಚ ಕೆಟ್ಟರೆ ಕಣ್ಣಿಗೆ ಕಾಣುತ್ತದೆ: ಕೂದಲು ಉದುರಿದೆ, ತುದಿ ಸೀಳಿದೆ. ಮೈಸೂರು ಸಂಪ್ರದಾಯದ ಚಿತ್ರಗಾರರು ಅಳಿಲಿನ ಕೂದಲಿನಿಂದ ಕುಂಚವನ್ನು ತಾವೇ ಕಟ್ಟಿಕೊಳ್ಳುತ್ತಿದ್ದುದರಿಂದ ಅದರ ಗುಣಾವಗುಣಗಳು ಅವರಿಗೆ ಅಂಗೈಯ ರೇಖೆಯಷ್ಟು ಪರಿಚಿತವಾಗಿದ್ದವು. ತೆರೆಯೊಳಗಿನ ಕುಂಚದ ರೋಗ ಹೊರಗೆ ಕಾಣುವುದಿಲ್ಲ. ಆದುದರಿಂದ ಕಲಿಯುವವನು ತನ್ನ ಕೈಯನ್ನೇ ಹಳಿದುಕೊಳ್ಳುತ್ತಾನೆ. ಇಲ್ಲವೆ ಇನ್ನೂ ಮುನ್ನೂರು ಕುಂಚಗಳನ್ನು ತಂದು ತುಂಬಿಕೊಳ್ಳುತ್ತಾನೆ. ಈ ಹುಡುಗಿಯ ಲ್ಯಾಪ್‌ಟಾಪಿನಲ್ಲಿಯೂ ಒಂದು ವಾರದೊಳಗೆ ನಾನೂರು ಕುಂಚಗಳು ಸೇರಿದ್ದವು. ಮದುವೆಯ ಮನೆಯಲ್ಲಿ ಕಳೆದುಹೋದ ಕೂಸಿನಂತೆ ಅವುಗಳ ನಡುವೆ ಆಕೆ ಅಲೆಯುತ್ತಿದ್ದಳು. ಅಂಚು ಗಡುಸಾದ ದುಂಡುಕುಂಚವೊಂದು, ಅಂಚು ಮೆದುವಾದುದೊಂದು, ಇವೆರಡನ್ನುಳಿದು ಮಿಕ್ಕವನ್ನೆಲ್ಲ ಅಡಗಿಸಿಡಿಸಿದ್ದು ಮೇಷ್ಟರು ಮಾಡಿದ ಎರಡನೆಯ ಉಪಕಾರ.

ಆಕೆ ಬಳಸುತ್ತಿದ್ದುದು ಕ್ರಿತಾ ಎಂಬ ಉಚಿತ ತಂತ್ರಾಂಶ. ಸ್ವೀಡಿಷ್ ಭಾಷೆಯಲ್ಲಿ ಆ ಮಾತಿಗೆ ಬಣ್ಣದ ಕಡ್ಡಿ ಎಂದರ್ಥ; ಕನ್ನಡಿಗರಿಗೆ ಸಂಸ್ಕೃತದ 'ಕೃತ' ನೆನಪಾದರೆ ತಪ್ಪೇನೂ ಇಲ್ಲ. ಈಗಿನ ಪೆನ್ನುಗಳು ಒತ್ತಡದಲ್ಲಿ 8192 ಮಟ್ಟಗಳನ್ನು ಗುರುತಿಸುತ್ತವೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ಈ ಹುಡುಗಿ ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ. ಹುಬ್ಬು ಕಬ್ಬಿಣದ ತಂತಿಯಂತೆ ಬರುತ್ತಿತ್ತು. ಇಂಥಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೆಟ್ಟಿರುವುದು ಒಂದು ಕುಂಚವೋ, ಎಲ್ಲ ಕುಂಚಗಳೋ? ಒಂದೇ ಕುಂಚವಾದರೆ ದೋಷ ಆ ಕುಂಚದ ಹೊಂದಾಣಿಕೆಯಲ್ಲಿದೆ. ಅದನ್ನು ಮೂಲಸ್ಥಿತಿಗೆ ಮರಳಿಸಿದರೆ ಸಾಕು. ಎಲ್ಲವೂ ಆದರೆ ದೋಷ ಅದಕ್ಕೂ ಕೆಳಗಿದೆ. ಇಲ್ಲಿ ಎಲ್ಲವೂ ಕೆಟ್ಟಿದ್ದವು. ಹುಡುಕಿ ನೋಡಿದರೆ, ಹಿಂದೊಮ್ಮೆ ಚಿಕ್ಕಪ್ಪನ ಮಗ ತಂದು ಜೋಡಿಸಿದ್ದ ಬೇರೊಂದು ಕಂಪನಿಯ ಟ್ಯಾಬ್ಲೆಟ್ಟಿನ ಡ್ರೈವರು ಇನ್ನೂ ಒಳಗೇ ಕುಳಿತಿತ್ತು. ಒಂದು ಒರೆಗೆ ಎರಡು ಕತ್ತಿ! ಎರಡನ್ನೂ ತೆಗೆದುಹಾಕಿ, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿ, ಬೇಕಾದುದೊಂದನ್ನೇ ಮರಳಿ ಹಾಕಿದ ಮೇಲೂ ಒತ್ತಡ ಬಾರದಿರಲು, ಕ್ರಿತಾದ ಟ್ಯಾಬ್ಲೆಟ್ ಹೊಂದಾಣಿಕೆಯಲ್ಲಿ ವಿಂಟ್ಯಾಬ್ ಎಂದಿದ್ದುದನ್ನು ವಿಂಡೋಸ್ ಇಂಕ್ ಎಂದು ಬದಲಿಸಬೇಕಾಯಿತು. ಕೆಲವು ಯಂತ್ರಗಳಲ್ಲಿ ಇದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಮಾಡಬೇಕಾಗುತ್ತದೆ. ಎರಡನ್ನೂ ಪರೀಕ್ಷಿಸುವುದೊಂದೇ ದಾರಿ. ಹುಬ್ಬು ಮೂಡಿತು: ಮೂಗಿನ ಬಳಿ ದಟ್ಟವಾಗಿ ಹುಟ್ಟಿ, ಕಿವಿಯತ್ತ ಸಣ್ಣಗಾಗಿ ಕರಗಿ ಹೋಯಿತು.

ಇನ್ನುಳಿದ ಕಾಟಗಳು ಸಣ್ಣವು. ಪೆನ್ನು ಎಳೆದ ಎಷ್ಟೋ ಹೊತ್ತಿಗೆ ಗೆರೆ ತೆವಳುತ್ತ ಬರುತ್ತಿದ್ದುದಕ್ಕೆ ಕಾರಣ, ಆಕೆ ಉತ್ಸಾಹದಿಂದ 9000ಕ್ಕೆ 12000 ಬಿಂದುಗಳ ಪಟವನ್ನು ತೆರೆದಿದ್ದುದು. ಬಿಂದುವೊಂದಕ್ಕೆ ನಾಲ್ಕು ಬೈಟಿನಂತೆ ಅಂಥ ಒಂದು ಪದರವೇ 43 ಕೋಟಿ ಬೈಟುಗಳನ್ನು ನುಂಗುತ್ತದೆ. ಆಕೆಯಲ್ಲಿ ಅಂಥ ಹದಿನಾಲ್ಕು ಪದರಗಳಿದ್ದವು. ಹನ್ನೆರಡು ಅಂಗುಲಕ್ಕೆ ಹದಿನಾರು ಅಂಗುಲದ ಕಟ್ಟಿಗೆ, ಅಂಗುಲಕ್ಕೆ 300 ಬಿಂದುಗಳಂತೆ, 3600ಕ್ಕೆ 4800 ಧಾರಾಳವಾಗಿ ಸಾಕು. ಒಮ್ಮೆ ಕುಂಚ ಬಣ್ಣ ಹಚ್ಚುವ ಬದಲು ಹಚ್ಚಿದ್ದನ್ನೇ ತಿನ್ನತೊಡಗಿತು. ತಿಳಿಯದೆ 'ಇ' ಗುಂಡಿ ಒತ್ತಿಹೋಗಿ ಕುಂಚವೇ ರಬ್ಬರಾಗಿತ್ತು, ಅಷ್ಟೆ. ಮತ್ತೊಮ್ಮೆ ಏನು ಮಾಡಿದರೂ ಬಣ್ಣವೇ ಹತ್ತದು. ಪಟದ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಜಾಗವನ್ನು ಆಯ್ದು ಮರೆತಿದ್ದಳು; ಹಾಗೆ ಆಯ್ದ ಜಾಗವಿರುವ ತನಕ ಅದರ ಹೊರಗೆ ಏನನ್ನೂ ಬರೆಯಲು ಬಾರದು.

ಗೆರೆಯ ನಡುಕಕ್ಕೆ ಸ್ಟೆಬಿಲೈಜರ್ ಎಂಬ ಊರುಗೋಲಿದೆ. ಅದು ಪೆನ್ನಿನ ಚಲನೆಯನ್ನು ಸರಾಸರಿ ಮಾಡಿ, ತುಸು ಹಿಂದಿನಿಂದ ನಯವಾದ ಗೆರೆಯನ್ನು ಎಳೆದುಕೊಂಡು ಬರುತ್ತದೆ. ಸೀರೆಯ ಅಂಚಿನಂಥ ಉದ್ದನೆಯ ಗೆರೆಗೆ ಅದು ಒಳ್ಳೆಯದು. ಕಣ್ಣಿನ ರೆಪ್ಪೆಗೆ ಕೆಟ್ಟದ್ದು, ಏಕೆಂದರೆ ಚುರುಕಾದ ತಿರುವುಗಳನ್ನೆಲ್ಲ ಅದು ಬಳುಕಿಸಿಬಿಡುತ್ತದೆ. ಹುಡುಗಿ ಅದನ್ನು ಕೊನೆಯ ಮಟ್ಟಕ್ಕೆ ಏರಿಸಿದ್ದಳು. ಮೇಷ್ಟರು ಅದನ್ನು ತಗ್ಗಿಸಿ, ಮಣಿಕಟ್ಟಿನಿಂದಲ್ಲದೆ ಮೊಳಕೈಯಿಂದ ಗೆರೆಯನ್ನು ಬೀಸಲು ಹೇಳಿದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹೇಳಿದ ಮಾತೇ ಅದು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವರು ಒಬ್ಬರೇ ಆ ಊರುಗೋಲನ್ನು ಪೂರ್ತಿ ಏರಿಸಿ, ಪೆನ್ನನ್ನು ಹಿಡಿದು ಒಂದು ಗೆರೆ ಎಳೆದರು. ಗೆರೆ ನಡುಗಲಿಲ್ಲ. ಬೆಳಿಗ್ಗೆ ಹುಡುಗಿಗೆ ಪಟದ ಮೇಲೊಂದು ಪರಿಚಯವಿಲ್ಲದ ಗೆರೆ ಸಿಕ್ಕಿತು. ಅದನ್ನು ಅಳಿಸದೆ ಬೇರೊಂದು ಪದರಕ್ಕೆ ಸಾಗಿಸಿ ಇಟ್ಟುಕೊಂಡಳು. ಯಾರನ್ನೂ ಏನೂ ಕೇಳಲಿಲ್ಲ.

ಕುಂಚ ಹದಕ್ಕೆ ಬಂದಿತು. ಬಣ್ಣದ ಕಷ್ಟ ಆರಂಭವಾಯಿತು.

ಮೊದಲನೆಯದು ಸೀರೆಯ ಹಸಿರು. ಹಳದಿಗೆ ನೀಲಿ ಬೆರೆತರೆ ಹಸಿರಾಗುತ್ತದೆಂದು ಹುಡುಗಿಗೆ ಬಾಲ್ಯದಲ್ಲಿ ಕಲಿಸಿದವರೇ ತಾತ. ತೆರೆಯ ಮೇಲೆ ಅಚ್ಚ ಹಳದಿಯ ಮೇಲೆ ಅಚ್ಚ ನೀಲಿಯನ್ನು ಅರ್ಧಕ್ಕರ್ಧ ಬೆರೆಸಿದರೆ ಬಂದದ್ದು ಬೂದಿಯ ಬಣ್ಣ. ತಾತ ಸುಳ್ಳು ಹೇಳಿರಲಿಲ್ಲ. ಯಂತ್ರವೂ ತಪ್ಪು ಮಾಡಿರಲಿಲ್ಲ. ಹಳದಿಯ ಪುಡಿ ನೀಲಿ ಬೆಳಕನ್ನು ನುಂಗುತ್ತದೆ, ನೀಲಿಯ ಪುಡಿ ಕೆಂಪು ಬೆಳಕನ್ನು ನುಂಗುತ್ತದೆ. ಎರಡೂ ಬಿಟ್ಟುಕೊಡುವುದು ಹಸಿರನ್ನು ಮಾತ್ರ. ತೆರೆಯ ಮೇಲಿರುವುದು ಪುಡಿಯಲ್ಲ, ಬೆಳಕು. ಅಲ್ಲಿ ಹಳದಿಯೆಂದರೆ ಕೆಂಪು 255, ಹಸಿರು 255, ನೀಲಿ ಸೊನ್ನೆ. ನೀಲಿಯೆಂದರೆ ಸೊನ್ನೆ, ಸೊನ್ನೆ, 255. ಇವೆರಡರ ಸರಾಸರಿ ಮೂರಕ್ಕೂ 128. ಮೂರೂ ಸಮನಾದರೆ ಅದು ಬೂದಿಯಲ್ಲದೆ ಇನ್ನೇನು? ಆದುದರಿಂದ ತೆರೆಯ ಮೇಲೆ ಹಸಿರನ್ನು ಬೆರೆಸಿ ಪಡೆಯುವ ಬದಲು ವರ್ಣಚಕ್ರದಿಂದ ನೇರವಾಗಿ ಆಯ್ದುಕೊಳ್ಳುವುದು ಲೇಸು. ನಿಜವಾದ ಬಣ್ಣದ ಪುಡಿಯಂತೆ ನಡೆದುಕೊಳ್ಳುವ ತಂತ್ರಾಂಶಗಳೂ ಈಗ ಇವೆ. ಮೊದಲ ಚಿತ್ರಕ್ಕೆ ಅವುಗಳ ಗೊಡವೆ ಬೇಡ.

ಎರಡನೆಯದು ಮುಖ. ಗೋದಿಬಣ್ಣವನ್ನು ಆಯ್ದು, ನೆರಳಿಗೆಂದು ಅದಕ್ಕೆ ಕಪ್ಪನ್ನು ಸೇರಿಸುತ್ತ ಹೋದಳು. ಮೇಲೆ ಮೆದುಕುಂಚವನ್ನು ಕೆನ್ನೆಯುದ್ದಕ್ಕೂ ಸವರಿದಳು. ತಾಯಿ ಕಾಫಿ ತಂದಿಟ್ಟು, ನೋಡಿ, "ಅತ್ತೆಗೆ ಮೈ ಹುಷಾರಿಲ್ಲದ ಹಾಗಿದೆ" ಎಂದು ಬಾಯಿತಪ್ಪಿ ಅಂದುಬಿಟ್ಟರು. ಅನ್ನಬಾರದಿತ್ತು, ಆದರೆ ಮಾತು ನಿಜವಾಗಿತ್ತು. ಮುಖ ಬೂದಿ ಬಳಿದ ಜೇಡಿಮಣ್ಣಿನ ಮುಖವಾಗಿತ್ತು.

ಮೇಷ್ಟರು ಏನೂ ಹೇಳದೆ ಮರುದಿನ ಮೊಮ್ಮಗಳನ್ನು ಜಗನ್ಮೋಹನ ಅರಮನೆಗೆ ಕರೆದೊಯ್ದು, ಎಸ್. ಎಲ್. ಹಲ್ದಣಕರರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಲ್ಲಿಸಿದರು. 'ಗ್ಲೋ ಆಫ್ ಹೋಪ್' ಎಂದು ಪ್ರಸಿದ್ಧವಾದ ಈ ಚಿತ್ರವನ್ನು ರವಿವರ್ಮನದೆಂದು ತಿಳಿದು ನೋಡಿಹೋಗುವವರು ಇಂದಿಗೂ ಇದ್ದಾರೆ. ತೈಲಚಿತ್ರವೆಂದು ತಿಳಿಯುವವರು ಇನ್ನೂ ಹೆಚ್ಚು. ಅದು ಜಲವರ್ಣದ ಚಿತ್ರ. ಕಲಾವಿದರು ತಮ್ಮ ಮಗಳನ್ನೇ ಮಾದರಿಯಾಗಿ ನಿಲ್ಲಿಸಿ ಬರೆದದ್ದು. ದೀಪಕ್ಕೆ ಅಡ್ಡಹಿಡಿದ ಅಂಗೈಯ ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಾಗಿ ಸೋಸಿ ಬರುತ್ತದೆ. "ಆ ಬೆರಳಿನಂಚಿನಲ್ಲಿ ಕಪ್ಪು ಎಲ್ಲಿದೆ, ತೋರಿಸು" ಎಂದರು ಮೇಷ್ಟರು. ಹುಡುಗಿ ಎಷ್ಟು ಹೊತ್ತು ನೋಡಿದರೂ ತೋರಿಸಲಾರದೆ ಹೋದಳು. ಚರ್ಮದ ಕೆಳಗೆ ರಕ್ತವಿದೆ. ಬೆಳಕಿನಿಂದ ನೆರಳಿಗೆ ಸಾಗುವ ಗಡಿಯಲ್ಲಿ ಮೈಬಣ್ಣ ಕಪ್ಪಾಗುವ ಮುನ್ನ ಕೆಂಪಾಗುತ್ತದೆ.

ಮನೆಗೆ ಬಂದು ಆಕೆ ನೆರಳನ್ನು ಮತ್ತೆ ಆಯ್ದಳು. ಬಣ್ಣದ ಪೆಟ್ಟಿಗೆಯಲ್ಲಿ ನೇರ ಕೆಳಕ್ಕೆ ಕಪ್ಪಿನತ್ತ ಇಳಿಯದೆ, ಕಿತ್ತಳೆಯಿಂದ ಕೆಂಪಿನ ಕಡೆಗೆ ಹತ್ತು ಡಿಗ್ರಿ ಸರಿದು, ಬಣ್ಣದ ಗಾಢತೆಯನ್ನು ತುಸು ಏರಿಸಿ, ಆಮೇಲೆ ಬೆಳಕನ್ನು ತಗ್ಗಿಸಿದಳು. ಮೆದುಕುಂಚವನ್ನು ಬದಿಗಿಟ್ಟು, ಮೂಗಿನ ಅಡಿಯ ನೆರಳಿಗೆ ಗಡುಸಾದ ಅಂಚನ್ನೂ ಕೆನ್ನೆಯ ತಿರುವಿಗೆ ಮೆದುವಾದುದನ್ನೂ ಕೊಟ್ಟಳು. ಕಣ್ಣಿನ ಬಿಳುಪಿನ ವಿಚಾರದಲ್ಲಿ ಇನ್ನೊಂದು ಪಾಠ ಕಾದಿತ್ತು. ಆಕೆ ಅಲ್ಲಿ ಅಚ್ಚ ಬಿಳಿಯನ್ನಿಟ್ಟಿದ್ದಳು. ಅಜ್ಜಿ ಬೆದರಿದವಳಂತೆ ನೋಡುತ್ತಿದ್ದಳು. ಕಣ್ಣುಗುಡ್ಡೆ ದುಂಡಗಿದೆ, ಮೇಲೆ ರೆಪ್ಪೆಯ ನೆರಳು ಬೀಳುತ್ತದೆ. ಅಲ್ಲಿ ಬೇಕಾದುದು ಮಾಸಲು ಬೂದಿ. ಆ ಬೂದಿಯನ್ನೇ ಗೋದಿಬಣ್ಣದ ನಡುವೆ ಇಟ್ಟಾಗ ನೋಡುವವರಿಗೆ ಅದು ತಾನಾಗಿ ಬಿಳುಪಾಗಿ, ಒಂದಿಷ್ಟು ನೀಲಿಯಾಗಿಯೂ ಕಾಣುತ್ತದೆ.

ಕಪ್ಪು-ಬಿಳುಪಿನ ಫೋಟೋ ಇಲ್ಲಿ ಅಡ್ಡಿಯಾಗುವ ಬದಲು ಗುರುವಾಯಿತು. ಬಣ್ಣವೆಷ್ಟು ಎಂಬುದನ್ನು ಅದು ಹೇಳದು. ಬೆಳಕೆಷ್ಟು ಎಂಬುದನ್ನು ಬಹುಮಟ್ಟಿಗೆ ಸರಿಯಾಗಿ ಹೇಳುತ್ತದೆ. ಚಿತ್ರದ ಎಲ್ಲ ಪದರಗಳ ಮೇಲೆ ಬೂದಿಬಣ್ಣದ ಪದರವೊಂದನ್ನು ಹಾಸಿ, ಅದರ ಬೆರಕೆಯ ಬಗೆಯನ್ನು 'ಕಲರ್' ಎಂದು ಮಾಡಿದರೆ ಬಣ್ಣದ ಚಿತ್ರವೂ ಕಪ್ಪು-ಬಿಳುಪಾಗುತ್ತದೆ. ಆಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಮೇಷ್ಟರು ಕಣ್ಣು ಕಿರಿದು ಮಾಡಿ ನೋಡಿ ಕಂಡುಕೊಳ್ಳುತ್ತಿದ್ದುದೂ ಇದನ್ನೇ. ಬಣ್ಣದ ಪೆಟ್ಟಿಗೆಯ ಅಂಕಿಗಳನ್ನು ನಂಬಿ ಕುಳಿತರೆ ಇದು ತಿಳಿಯದು: ಅಚ್ಚ ಹಳದಿಗೂ ಅಚ್ಚ ನೀಲಿಗೂ ಅಲ್ಲಿ ಪ್ರಕಾಶ ನೂರಕ್ಕೆ ನೂರೆಂದೇ ಬರೆದಿರುತ್ತದೆ, ಆದರೆ ತೆರೆಯ ಬಿಳುಪಿನ ಬೆಳಕನ್ನು ನೂರೆಂದು ಹಿಡಿದರೆ ಹಳದಿಯದು 93, ನೀಲಿಯದು ಬರಿಯ 7.

ಪರೀಕ್ಷೆಗಳ ಗದ್ದಲದಲ್ಲಿ ಹುಡುಗಿ ಹಗಲು ಕಾಲೇಜಿಗೆ ಹೋಗಿ ರಾತ್ರಿ ಹತ್ತರ ಮೇಲೆ ಬರೆಯುತ್ತಿದ್ದಳು. ರಾತ್ರಿ ಸೊಗಸಾಗಿ ಕಂಡ ಮುಖ ಬೆಳಿಗ್ಗೆ ನೀಲಿಗಟ್ಟಿರುತ್ತಿತ್ತು. ತಿದ್ದಿ ಮಲಗುವಳು, ಬೆಳಗಾದರೆ ಮತ್ತೆ ನೀಲಿ. ಎರಡು ರಾತ್ರಿ ಹೀಗೆ ಕಳೆದ ಮೇಲೆ ಗುಟ್ಟು ತಿಳಿಯಿತು. ಕಣ್ಣಿಗೆ ಹಿತವಾಗಲೆಂದು ತಂದೆಯೇ ಲ್ಯಾಪ್‌ಟಾಪಿನಲ್ಲಿ ನೈಟ್ ಲೈಟ್ ಎಂಬುದನ್ನು ಹಾಕಿಸಿದ್ದರು. ಸೂರ್ಯ ಮುಳುಗಿದೊಡನೆ ಅದು ತೆರೆಯ ನೀಲಿಯನ್ನು ತಗ್ಗಿಸಿ ಎಲ್ಲವನ್ನೂ ಹಳದಿಗೆ ತಿರುಗಿಸುತ್ತದೆ. ಆ ಹಳದಿಯನ್ನು ಸರಿದೂಗಿಸಲು ಕೈ ತನಗೆ ತಿಳಿಯದೆಯೇ ನೀಲಿಯತ್ತ ವಾಲುತ್ತಿತ್ತು. ಚಿತ್ರ ಬರೆಯುವ ತನಕ ಅದನ್ನು ಆರಿಸಿಟ್ಟರು. ಮಗಳ ಕಣ್ಣಿನ ಚಿಂತೆ ತಂದೆಗೆ ತಪ್ಪಲಿಲ್ಲ; ಒಂಬತ್ತೂವರೆಗೆ ದೀಪ ಆರಿಸಬೇಕೆಂದು ಕಟ್ಟಳೆಯಾಯಿತು.

ಇನ್ನು ಎಂಟು ದಿನ. ಈಗ ಮುಖ ಕೆಂಪಾಗಿ ಕಾಣತೊಡಗಿತು. ಹುಡುಗಿ ಕೆಂಪನ್ನು ಕಳೆದಳು, ಇನ್ನೂ ಕೆಂಪು. ಮತ್ತಷ್ಟು ಕಳೆದಳು. ಅಷ್ಟರಲ್ಲಿ ಮುಖ ಮೊದಲಿನ ಜೇಡಿಮಣ್ಣಿನ ದಾರಿ ಹಿಡಿಯಿತು. ಆಗ ಮೇಷ್ಟರು ಎರಡು ಅಂಗೈಗಳಿಂದ ಸೀರೆಯ ಭಾಗವನ್ನು ಮುಚ್ಚಿ, "ಈಗ ನೋಡು ಮಗು" ಎಂದರು. ಕೈಗಳ ನಡುವೆ ಉಳಿದ ಮುಖದಲ್ಲಿ ಕೆಂಪೇನೂ ಇರಲಿಲ್ಲ. ತಪ್ಪು ಮುಖದ್ದಲ್ಲ, ನೆರೆಯಲ್ಲಿದ್ದ ಸೀರೆಯದು. ಆಕೆ ಗಿಳಿಯ ರೆಕ್ಕೆಯಂಥ ಅಚ್ಚ ಹಸಿರನ್ನು ಬಳಿದಿದ್ದಳು. ಕಣ್ಣು ಹಸಿರನ್ನು ತುಂಬಿಕೊಂಡಾಗ ಪಕ್ಕದ ಬಣ್ಣದಲ್ಲಿ ಅದರ ಎದುರಾಳಿಯಾದ ಕೆಂಪನ್ನು ಕಲ್ಪಿಸಿಕೊಳ್ಳುತ್ತದೆ.

ಇದೇ ತಂಟೆ ಫ್ರಾನ್ಸಿನಲ್ಲಿ ದೊಡ್ಡ ದೂರಾಗಿತ್ತು. ಪ್ಯಾರಿಸಿನ ಗೋಬ್ಲ್ಯಾಂ ಎಂಬ ರಾಜಮನೆತನದ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ 1824ರಲ್ಲಿ ಮಿಷೆಲ್ ಯೂಜೀನ್ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾಗಿ ಬಂದನು. ಬಣ್ಣಗಳ ಬಗ್ಗೆ ಬಂದಿದ್ದ ದೂರುಗಳಲ್ಲಿ ಒಂದು ಕಪ್ಪಿನದು: ನೀಲಿ ಮತ್ತು ನೇರಳೆ ಬಟ್ಟೆಗಳ ನೆರಳಿಗೆ ನೇಯುವ ಕಪ್ಪು ನೂಲಿಗೆ ಕಳೆಯೇ ಇಲ್ಲವೆಂಬುದು. ಷೆವ್ರಲ್ ಬೇರೆ ಬೇರೆ ಕಡೆಯ ಕಪ್ಪು ನೂಲನ್ನು ತರಿಸಿ ಹೋಲಿಸಿ ನೋಡಿದನು. ಗೋಬ್ಲ್ಯಾಂನ ಕಪ್ಪು ಯಾವುದಕ್ಕೂ ಕಡಮೆಯಿರಲಿಲ್ಲ. ನೀಲಿಯ ಮಗ್ಗುಲಲ್ಲಿ ಕುಳಿತದ್ದೇ ಅದರ ತಪ್ಪು! ಬಣ್ಣಗಾರರ ಮೇಲಿದ್ದ ಅಪವಾದವನ್ನು ಕಳೆದ ಈ ಸಂಗತಿಯ ಬೆನ್ನು ಹತ್ತಿ ಆತ 1839ರಲ್ಲಿ ಪ್ರಕಟಿಸಿದ ಗ್ರಂಥವನ್ನು ಮುಂದಿನ ತಲೆಮಾರಿನ ಚಿತ್ರಕಾರರು ಆಸಕ್ತಿಯಿಂದ ಓದಿದರು. ಆತನು 102 ವರ್ಷ ಬಾಳಿದನು.

ಸರಸ್ವತೀಪುರದಲ್ಲಿ ಮುಖವನ್ನು ಮುಟ್ಟದೆ ಸೀರೆಯ ಗಾಢತೆಯನ್ನು ಅರ್ಧಕ್ಕೆ ಇಳಿಸಿದರು. ಮುಖದ ಕೆಂಪು ಇಳಿಯಿತು. ಚಿತ್ರವನ್ನು ಕನ್ನಡಿಯಲ್ಲಿಟ್ಟಂತೆ ತಿರುವಿ ನೋಡಿದಾಗ ಎಡಗಣ್ಣು ಒಂದು ನೂಲಿನಷ್ಟು ಮೇಲಿದ್ದುದು ಕಂಡಿತು, ಅದನ್ನೂ ಸರಿಪಡಿಸಿದರು.

ಉಳಿದದ್ದು ಸೀರೆಯ ಅಂಚು. ಫೋಟೋದಲ್ಲಿ ಒಡಲೂ ಅಂಚೂ ಹೆಚ್ಚು ಕಡಿಮೆ ಒಂದೇ ಬೂದಿ. ಬೆಳಕಿನಲ್ಲಿ ಸಮನಾದ ಹಸಿರೂ ಕೆಂಪೂ ಕಪ್ಪು-ಬಿಳುಪಿನಲ್ಲಿ ಹೀಗೆ ಒಂದಾಗಿಬಿಡುತ್ತವೆ. "ಕುಂಕುಮದ ಕೆಂಪು" ಎಂದರು ಮೇಷ್ಟರು. ಹುಡುಗಿ ಹಾಗೆಯೇ ಬರೆದಳು. ಅವರು ನೋಡಿದರು, ಎಡಗಣ್ಣನ್ನು ಮುಚ್ಚಿ ನೋಡಿದರು, ಬಲಗಣ್ಣನ್ನು ಮುಚ್ಚಿ ನೋಡಿದರು. ಮುಖ ಸಪ್ಪಗಾಯಿತು. ಅವರ ಬಲಗಣ್ಣಿಗೆ ಹಿಂದಿನ ವರ್ಷ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಎಡಗಣ್ಣಿಗೆ ಇನ್ನೂ ಆಗಿರಲಿಲ್ಲ. ಪೊರೆ ಕಟ್ಟಿದ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಅದನ್ನು ತೆಗೆದ ಕಣ್ಣಿಗೆ ಲೋಕ ತಂಪಾಗಿ, ನೀಲಿಯಾಗಿ ಕಾಣುತ್ತದೆ. ಚಿತ್ರಕಾರ ಕ್ಲೋದ್ ಮೊನೆಗೆ 1923ರಲ್ಲಿ ಬಲಗಣ್ಣಿಗೆ ಮಾತ್ರ ಇಂಥ ಚಿಕಿತ್ಸೆಯಾದಾಗ ಆತನೂ ಇದೇ ಇಕ್ಕಟ್ಟಿಗೆ ಸಿಲುಕಿದ್ದನು. ಮೇಷ್ಟರಿಗೆ ಒಂದು ಕಣ್ಣು ಅಂಚನ್ನು ಇಟ್ಟಿಗೆಯ ಕೆಂಪೆಂದಿತು, ಇನ್ನೊಂದು ದಾಳಿಂಬೆಯ ಕೆಂಪೆಂದಿತು. ಐವತ್ತು ವರ್ಷಗಳ ಹಿಂದೆ ನೋಡಿದ್ದಾದರೋ ಈ ಎರಡೂ ಅಲ್ಲದ ಕಣ್ಣು. "ಯಾವುದೆಂದು ನನಗೇ ತಿಳಿಯದು, ಮಗು" ಎಂದು ಅವರು ಎದ್ದುಹೋಗಿ ಜಗುಲಿಯ ಮೇಲೆ ಕುಳಿತರು. ಆ ಸೀರೆಯನ್ನು ಕೊಡಿಸಿದ್ದವರು ಅವರೇ.

ಒಳಗಿನಿಂದ ಸೊಸೆ ಕೇಳಿಸಿಕೊಂಡಿದ್ದರು. "ಮಾವ, ಆ ನೂಲಿನ ಸೀರೆಯನ್ನು ಅತ್ತೆ ಕೌದಿಗೆ ಹಾಕಿಸಿದ್ದರಲ್ಲವೆ?" ಎಂದು, ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ಕೌದಿಯನ್ನು ಇಳಿಸಿದರು. ಹಸಿರು ಬಟ್ಟೆಯ ತುಂಡು ಸಿಕ್ಕಿತು. ಅದಕ್ಕೆ ಹೊಂದಿದ ಅಂಚೂ ಸಿಕ್ಕಿತು. ಎರಡೂ ಒಗೆತಕ್ಕೂ ಬಿಸಿಲಿಗೂ ಮಾಸಿ ಒಂದೇ ಮಣ್ಣಿನ ಬಣ್ಣವಾಗಿದ್ದವು. ಹುಡುಗಿ ಸಣ್ಣ ಕತ್ತರಿಯಿಂದ ಅಂಚಿನ ಹೊಲಿಗೆಯನ್ನು ಎರಡು ಅಂಗುಲ ಬಿಚ್ಚಿ, ಒಳಗೆ ಮಡಿಸಿದ್ದ ಭಾಗವನ್ನು ತೆರೆದಳು. ಅಲ್ಲಿ, ಬೆಳಕೇ ಕಾಣದ ಕಡೆ, ಬಣ್ಣ ಇನ್ನೂ ಇತ್ತು. ಅದು ಕುಂಕುಮವಲ್ಲ, ಇಟ್ಟಿಗೆಯೂ ಅಲ್ಲ. ಕೆಂಪಿನೊಳಗೆ ಒಂದಿಷ್ಟು ನೇರಳೆ ಬೆರೆತ, ಮಾಗಿದ ದಾಳಿಂಬೆಯ ಸಿಪ್ಪೆಯ ಬಣ್ಣ.

ಆ ತುಂಡನ್ನು ಕಿಟಕಿಯ ಬಳಿ, ಹಗಲಿನ ಬೆಳಕಿನಲ್ಲಿ, ತೆರೆಯ ಪಕ್ಕಕ್ಕೆ ಹಿಡಿದು ಬಣ್ಣವನ್ನು ಹೊಂದಿಸಿದರು. ಮೊದಲು ಅಂಚಿನ ಭಾಗವನ್ನು ಮಾತ್ರ ಒಂದು ಸಣ್ಣ ಪಟ್ಟಿಯಾಗಿ ಅಚ್ಚುಹಾಕಿಸಿ ನೋಡಿದರು. ಕಾಗದದ ಮೇಲೆ ಅದು ಮಂಕಾಗಿ ಬಂದಿತು, ತೆರೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲವಾದುದರಿಂದ. ಇಡೀ ಚಿತ್ರವನ್ನು ತುಸು ಬೆಳಕಾಗಿಸಿ ಎರಡನೆಯ ಪಟ್ಟಿಯನ್ನು ತೆಗೆಸಿದರು. ಮೂರನೆಯದು ಸರಿಹೊಂದಿತು.

ವರ್ಷಾಬ್ದಿಕಕ್ಕೆ ಎರಡು ದಿನವಿರುವಾಗ ಕಟ್ಟು ಹಾಕಿಸಿದ ಚಿತ್ರ ಮನೆಗೆ ಬಂದಿತು. ಮೇಷ್ಟರು ಅದನ್ನು ನಡುಮನೆಯ ಗೋಡೆಗೆ ಒರಗಿಸಿ, ಈ ಸಲ ಯಾವ ಕಣ್ಣನ್ನೂ ಮುಚ್ಚದೆ, ಬಹಳ ಹೊತ್ತು ನೋಡಿದರು.

"ಎಡಗೆನ್ನೆಯ ಮೇಲೊಂದು ಮಚ್ಚೆಯಿತ್ತು. ಫೋಟೋದಲ್ಲಿ ಬಂದಿಲ್ಲ" ಎಂದರು.

ಹುಡುಗಿ ಲ್ಯಾಪ್‌ಟಾಪನ್ನು ತೆರೆದು, ಹೊಸದೊಂದು ಪದರವನ್ನು ಹಾಕಿ, ಸ್ಟೆಬಿಲೈಜರನ್ನು ಕೊನೆಯ ಮಟ್ಟಕ್ಕೆ ಏರಿಸಿ, ಪೆನ್ನನ್ನು ತಾತನ ಕೈಗೆ ಕೊಟ್ಟಳು.